ಬಸುರಿಯರ ಗಾಡಿ ನಿಲ್ಲಿಸುವ ಜಾಗ

ನಗುವಂಥದ್ದು ನಡೆಯುವುದಕ್ಕೆ ನಾವು ನಗುವ ಸ್ಥಿತಿಯಲ್ಲಿ ಇರಬೇಕು ಅಂತೇನೂ ಇಲ್ಲ. ಅದು ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ. ನಮಗೆ ನಗು ಬರುವುದು ಎಷ್ಟೋ ದಿನ ಆದಮೇಲೆ, ಸೊಪ್ಪು ಸೋಸುತ್ತಾ ಕೂತಿರುವಾಗ. ನಮ್ಮ ಕಂಪನಿಯಲ್ಲಿ ಅಂಥವು ಹೆಚ್ಚಾಗಿ ನಡೆದದ್ದು ಒಂದೇ ಜಾಗದಲ್ಲಿ. ಅದು ಗೇಟಿನ ಪಕ್ಕ, ಹೊಂಗೆ ಮರದ ಕೆಳಗೆ, ಒಂದು ಸ್ಕೂಟರ್ ನಿಲ್ಲುವಷ್ಟು ನೆಲ.

ನಮ್ಮದು ಅಜ್ಜಂಪುರದಿಂದ ಶಿವನಿ ಕಡೆಗೆ ಹೋಗುವ ರಸ್ತೆಯಲ್ಲಿರುವ ಸಣ್ಣ ಕಾರ್ಖಾನೆ. ಬಿಸ್ಕತ್ತಿನವರು, ಮಿಠಾಯಿಯವರು ಕೊಳ್ಳುತ್ತಾರಲ್ಲ, ಆ ಬಿಳಿ ಕೊಬ್ಬರಿ ಪುಡಿ ಮಾಡುತ್ತೇವೆ. ಕಡೂರು, ಸಿಂಗಟಗೆರೆ ಕಡೆಯಿಂದ ಲಾರಿಯಲ್ಲಿ ಕಾಯಿ ಬರುತ್ತದೆ. ಹಿಂದಿನ ಶೆಡ್ಡಿನಲ್ಲಿ ಹೆಂಗಸರು ಕಾಯಿಯ ಕಂದು ಸಿಪ್ಪೆ ಹೆರೆಯುತ್ತಾರೆ. ಮುಂದಿನ ಆಫೀಸಿನಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ.

ಒಂದು ದಿನ ಹೆಡ್ ಆಫೀಸಿನಿಂದ ಸುತ್ತೋಲೆ ಬಂತು. ಗರ್ಭಿಣಿಯರ ವಾಹನಕ್ಕೆ ಗೇಟಿನ ಹತ್ತಿರ ನೆರಳಿನಲ್ಲಿ ಒಂದು ಜಾಗ ಕಾಯ್ದಿರಿಸಬೇಕು, ಬೇರೆಯವರು ಅಲ್ಲಿ ಗಾಡಿ ನಿಲ್ಲಿಸಬಾರದು ಅಂತ. ಮ್ಯಾನೇಜರ್ ಎಲ್ಲರನ್ನೂ ಕರೆದು ಅದನ್ನು ಓದಿದರು. ಗಾಡಿ ಇರುವ ಹೆಂಗಸರು ಅಂದರೆ ಇಡೀ ಕಾರ್ಖಾನೆಗೆ ಇಬ್ಬರು. ಒಬ್ಬಳು ಡಿಸ್ಪ್ಯಾಚ್ ನೋಡಿಕೊಳ್ಳುವ ಹುಡುಗಿ, ಇನ್ನೂ ಮದುವೆಯಾಗಿಲ್ಲ. ಇನ್ನೊಬ್ಬಳು ನಾನು. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಮ್ಯಾನೇಜರ್ ಓದಿ ಮುಗಿಸಿ ತಲೆ ಎತ್ತಿದರು. ಅಷ್ಟರಲ್ಲಿ ಎಲ್ಲರೂ ನನ್ನ ಕಡೆ ತಿರುಗಿದ್ದರು, ಕಂಪನಿ ತನ್ನ ಪಾಲಿನ ಕೆಲಸ ಮಾಡಿದೆ, ಇನ್ನು ನಿಮ್ಮದು ಅನ್ನುವ ಹಾಗೆ.

ಬೋರ್ಡು

ಬೋರ್ಡ್ ಬರೆಯುವುದಕ್ಕೆ ಅಜ್ಜಂಪುರದಲ್ಲಿ ಅಂಗಡಿ ಹೆಸರು ಬರೆಯುವ ಪೇಂಟರ್‌ಗೆ ಫೋನಿನಲ್ಲಿ ಹೇಳಿದ್ದಾಯಿತು. ‘ಗರ್ಭಿಣಿ ಮಹಿಳೆಯರ ವಾಹನಗಳನ್ನು ಮಾತ್ರ ಇಲ್ಲಿ ನಿಲ್ಲಿಸಿ’ ಅಂತ ಬರೆಯಬೇಕಿತ್ತು. ಅವನು ತಂದ ತಗಡಿನಲ್ಲಿ ಕೆಂಪು ಅಕ್ಷರದಲ್ಲಿ ಹೀಗಿತ್ತು: ‘ಗರ್ಭಿಣಿ ಮಹಿಳೆಯರನ್ನು ಮಾತ್ರ ಇಲ್ಲಿ ನಿಲ್ಲಿಸಿ’.

"ವಾಹನ ಎಲ್ಲಿ ಹೋಯ್ತು?" ಅಂದರು ಮ್ಯಾನೇಜರ್.

"ತಗಡು ಸಣ್ಣದು ಸಾರ್," ಅಂದ ಪೇಂಟರ್. "ಒಂದ್ ಪದ ಬಿಡ್ಲೇಬೇಕಿತ್ತು. ಗಾಡಿ ಅಂತ ನೋಡಿದೋರ್ಗೆ ಗೊತ್ತಾಗುತ್ತೆ ಬಿಡಿ."

ಸರಿಪಡಿಸಿಕೊಂಡು ಬಾ ಅಂತ ಹೇಳಬಹುದಿತ್ತು. ಆದರೆ ಅಂದೇ ಸಂಜೆಯೊಳಗೆ ಹೆಡ್ ಆಫೀಸಿಗೆ ಫೋಟೋ ಕಳಿಸಬೇಕಾಗಿತ್ತು, ಅದೂ ಜಾಗ ಉಪಯೋಗದಲ್ಲಿರುವ ಫೋಟೋ. ಮ್ಯಾನೇಜರ್ ವಾಚ್‌ಮನ್‌ನನ್ನು ಕರೆದು, "ಬೋರ್ಡಲ್ಲಿ ಇರೋ ಹಾಗೆ ಏನಾದ್ರೂ ವ್ಯವಸ್ಥೆ ಮಾಡಪ್ಪ, ಫೋಟೋ ತೆಗೀಬೇಕು" ಅಂದು ಒಳಗೆ ಹೋದರು. ಯಾವುದಾದರೂ ಒಂದು ಸ್ಕೂಟರ್ ತಂದು ನಿಲ್ಲಿಸಲಿ ಅನ್ನುವುದು ಅವರ ಮನಸ್ಸಿನಲ್ಲಿದ್ದದ್ದು.

ನಮ್ಮ ವಾಚ್‌ಮನ್ ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ. ಬೋರ್ಡ್ ಓದಿದ. ಹಿಂದಿನ ಶೆಡ್ಡಿಗೆ ಹೋದ. ಅಲ್ಲಿ ಸಿಪ್ಪೆ ಹೆರೆಯುವವರಲ್ಲಿ ಒಬ್ಬಾಕೆ ತುಂಬು ಬಸುರಿ ಇದ್ದಳು, ದಿನಾ ಲಗೇಜ್ ಆಟೋದಲ್ಲಿ ಉಳಿದವರ ಜೊತೆ ನಿಂತುಕೊಂಡು ಬರುತ್ತಿದ್ದಳು. ಅವಳನ್ನು ಕರೆದುಕೊಂಡು ಬಂದು ಬೋರ್ಡಿನ ಕೆಳಗೆ ನಿಲ್ಲಿಸಿದ. ಅವಳ ಕೈಯಲ್ಲಿ ಹೆರೆಯುವ ಚಾಕು ಹಾಗೇ ಇತ್ತು.

ಮ್ಯಾನೇಜರ್ ಹೊರಗೆ ಬಂದು ಅವಳನ್ನೂ ಬೋರ್ಡನ್ನೂ ನೋಡಿದರು. ನಾವೂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು. ಕೂಲಿ ಕೊಡುವುದು ಹೆರೆದ ಕಾಯಿಯ ಲೆಕ್ಕದ ಮೇಲೆ ಆದ್ದರಿಂದ ಅವಳಿಗೆ ಚಡಪಡಿಕೆ.

"ಅಣ್ಣ, ನಾನ್ ಇಲ್ಲಿ ಎಷ್ಟೊತ್ತು ನಿಂತ್ಕೋಬೇಕು?" ಅಂದಳು ವಾಚ್‌ಮನ್‌ಗೆ. "ಯಾರಾರ ತಗೊಂಡೋಗಕ್ ಬತ್ತಾರಾ?"

ಡಿಸ್ಪ್ಯಾಚ್ ಹುಡುಗಿ

ತಗಡಿನ ಮೇಲೆ ಸಣ್ಣ ಅಕ್ಷರದಲ್ಲಿ ‘ಗಾಡಿ’ ಅಂತ ತುರುಕಿಸಿ ಆಮೇಲೆ ಬೋರ್ಡ್ ಸರಿ ಮಾಡಿದರು. ಆ ಜಾಗ ಮಾತ್ರ ಖಾಲಿಯೇ ಇತ್ತು. ನನ್ನ ಟೇಬಲ್ಲಿನ ಎದುರಿನ ಕಿಟಕಿಯಿಂದ ಅದೇ ಕಾಣುವುದು. ಬೆಳಿಗ್ಗೆಯಿಂದ ಸಂಜೆವರೆಗೆ ನೆರಳು ಆ ಕಡೆಯಿಂದ ಈ ಕಡೆಗೆ ಹೋಗುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಟೀ ಕುಡಿಯುವಾಗ ಒಬ್ಬರಲ್ಲ ಒಬ್ಬರು ಆ ಜಾಗ ನೋಡಿ ಆಮೇಲೆ ನನ್ನನ್ನು ನೋಡಿ ಲೋಟದೊಳಗೆ ನೋಡುತ್ತಿದ್ದರು, ಅಷ್ಟೇ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಡಿಸ್ಪ್ಯಾಚ್ ಹುಡುಗಿ ಬ್ಯಾಂಕಿಗೆ ಹೋಗಿ ಬಂದವಳು ಬಿಸಿಲು ತಡೆಯಲಾರದೆ ತನ್ನ ಸ್ಕೂಟಿಯನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿಬಿಟ್ಟಳು. ಲಾರಿಯವನೋ, ಲೋಡಿಂಗಿನವನೋ, ಯಾರೋ ಅದನ್ನು ಬೋರ್ಡಿನ ಸಮೇತ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ. ಅವಳ ಊರು ಶಿವನಿ. ಮದುವೆ ಮಾತುಕತೆ ಮುಗಿದು ತಾಂಬೂಲ ಬದಲಾಯಿಸಿಕೊಂಡಿದ್ದರು. ಆ ಫೋಟೋ ಶಿವನಿಗೆ ತಲುಪುವುದಕ್ಕೆ ಬಸ್ಸಿಗಿಂತ ಕಡಿಮೆ ಹೊತ್ತು ಸಾಕಾಯಿತು. ಅದರ ಹಿಂದಿನ ಬಸ್ಸಿನಲ್ಲೇ ಅವಳ ತಾಯಿ ಬಂದಿಳಿದರು.

ಆಯಮ್ಮ ಕಿರುಚಲಿಲ್ಲ. ಅದೇ ನಮಗೆಲ್ಲ ಹೆದರಿಕೆಯಾದದ್ದು. ಮುಖ ಬಿಳಿಚಿಕೊಂಡಿತ್ತು. ಗೇಟಿನಲ್ಲಿ ಬೋರ್ಡ್ ಓದಿದರು, ಸ್ಕೂಟಿ ನೋಡಿದರು, ಮಗಳನ್ನು ನೋಡಿದರು. ಹುಡುಗಿ ಅಳುತ್ತಾ, "ಬಿಸ್ಲಿತ್ತು ಕಣಮ್ಮ, ಸೀಟ್ ಸುಡುತ್ತೆ ಅಂತ ನಿಲ್ಸಿದೆ" ಅಂದಳು.

ಮಧ್ಯೆ ವಾಚ್‌ಮನ್ ಸಾಕ್ಷಿ ಹೇಳಲು ಬಂದ. "ನಿಮ್ ಹುಡುಗಿ ತಪ್ಪೇನಿಲ್ಲ ಕಣಮ್ಮ. ನಾನು ಇಲ್ಲೇ ಇದ್ದೆ. ಬಂದ್ಳು, ನಿಲ್ಸಿದ್ಳು, ಒಳಗೋದ್ಳು. ಎಲ್ಡೇ ನಿಮಿಷ."

ಆ ಸಾಕ್ಷಿಯಿಂದ ಏನೂ ಉಪಕಾರ ಆಗಲಿಲ್ಲ. ಆಯಮ್ಮ ನೇರ ಮ್ಯಾನೇಜರ್ ಕೋಣೆಗೆ ಹೋಗಿ ಕೂತರು. "ಹುಡುಗನ ಮನೇರು ಫೋನ್ ಮೇಲೆ ಫೋನ್ ಮಾಡ್ತವ್ರೆ ಸ್ವಾಮಿ. ನಮ್ ಹುಡುಗಿ ಬಸುರಿ ಅಲ್ಲ ಅಂತ ಕಂಪನಿಯಿಂದ ಒಂದು ಬರ್ಕೊಡಿ, ಸೀಲ್ ಹಾಕಿ."

ಮ್ಯಾನೇಜರ್ ತುಮಕೂರು ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಮದುವೆಯಾಗದವರು. ಬಸುರಿ ಅನ್ನುವ ಪದ ಕೇಳಿದರೆ ಪೆನ್ನು ಹುಡುಕುತ್ತಿದ್ದರು. ಬೆವರು ಒರೆಸಿಕೊಂಡರು.

"ಅಮ್ಮ, ಇವಳು ನಮ್ಮಲ್ಲಿ ಕೆಲಸ ಮಾಡ್ತಾಳೆ ಅಂತ ಬೇಕಾದ್ರೆ ಬರೆದುಕೊಡ್ತೀನಿ, ನಡತೆ ಒಳ್ಳೇದು ಅಂತಾನೂ ಬರೀತೀನಿ," ಅಂದರು. "ನೀವು ಕೇಳ್ತಿರೋದಕ್ಕೆ ನಮ್ಮಲ್ಲಿ ಫಾರ್ಮ್ಯಾಟ್ ಇಲ್ಲ."

ಕೊನೆಗೆ ನಾನೇ ಹುಡುಗನ ಮನೆಗೆ ಫೋನ್ ಮಾಡಿ ಬಿಸಿಲಿನ ವಿಷಯ ಹೇಳಿದೆ. ಹುಡುಗನ ತಾಯಿ ಎಲ್ಲ ಕೇಳಿಸಿಕೊಂಡು, "ಅದಿರ್ಲಿ, ನಿಮ್ಗೆಷ್ಟು ಮಕ್ಳು ತಾಯಿ?" ಅಂದರು. ಇಲ್ಲ ಅಂದೆ. "ಹಂಗಾರೆ ಆ ಜಾಗ ಖಾಲಿ ಇತ್ತು ಅಂತ ನಂಬ್ತೀನಿ ಬಿಡಿ" ಅಂದು ಫೋನ್ ಇಟ್ಟರು. ಮದುವೆ ನಿಲ್ಲಲಿಲ್ಲ.

ಯಾರ ಹೆಸರಿನ ಗಾಡಿ

ಮಾರ್ಕೆಟಿಂಗಿನವನೊಬ್ಬ ತಿಂಗಳಿಗೊಮ್ಮೆ ಬರುತ್ತಿದ್ದ. ಒಂದು ಸಲ ಬಂದವನೇ ಬುಲೆಟ್ಟನ್ನು ಸೀದಾ ಹೊಂಗೆ ಮರದ ಕೆಳಗೆ ನುಗ್ಗಿಸಿದ. ವಾಚ್‌ಮನ್ ಓಡಿ ಹೋಗಿ, "ಸಾರ್, ಇದು ಬಸುರೀರ್ದು" ಅಂದ.

"ನನ್ ಹೆಂಡ್ತಿ ಬಸುರಿ ಕಣಯ್ಯ," ಅಂದ ಅವನು. "ಗಾಡಿ ಅವಳ ಹೆಸರಲ್ಲೇ ಇದೆ. ಆರ್‌ಸಿ ತೋರಿಸ್ಲಾ?"

ವಾಚ್‌ಮನ್‌ಗೆ ಇದು ಹೊಸ ಸಮಸ್ಯೆ. ಗಾಡಿ ಬಸುರಿಯದು, ಆದರೆ ಬಸುರಿ ಬಂದಿಲ್ಲ. ಒಳಗೆ ಬಂದು ಮ್ಯಾನೇಜರನ್ನು ಕೇಳಿದ. ಮ್ಯಾನೇಜರ್ ಸುತ್ತೋಲೆ ತೆಗೆದು ಮತ್ತೆ ಓದಿದರು. ಅದರಲ್ಲಿ ‘ಗರ್ಭಿಣಿಯ ವಾಹನ’ ಅಂತಲೇ ಇತ್ತು. ಹಾಗಾದರೆ ಇರಲಿ ಅಂದರು.

ಅದಾದ ಮೇಲೆ ಆತ ಬಂದಾಗಲೆಲ್ಲ ಅಲ್ಲೇ ನಿಲ್ಲಿಸಿದ. ಮಳೆಗಾಲ ಬಂತು, ಹೋಯಿತು. ದೀಪಾವಳಿ ಆಯಿತು, ಶಿವರಾತ್ರಿಯೂ ಆಯಿತು. ಬುಲೆಟ್ ಹೊಂಗೆ ಮರ ಬಿಡಲಿಲ್ಲ. ವಾಚ್‌ಮನ್ ಪಾಪ, ಜಗಳ ಮಾಡಲಿಲ್ಲ. ಒಂದು ದಿನ ಅವನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದ.

"ಸಾರ್, ಬೇಜಾರ್ ಮಾಡ್ಕೋಬೇಡಿ. ಅಮ್ಮಾರ್ನ ಒಂದ್ಸಲ ದೊಡ್ಡಾಸ್ಪತ್ರೆಗೆ ತೋರ್ಸಿದ್ರೆ ಒಳ್ಳೇದು. ಆನೆಗಾದ್ರೂ ಇಷ್ಟೊತ್ಗೆ ಆಗಿರ್ಬೇಕಿತ್ತು."

ಗುಟ್ಟು

ನಂತರ ನನಗೆ ಮುಟ್ಟು ನಿಂತಿತು. ತರೀಕೆರೆಯ ಡಾಕ್ಟರಮ್ಮ ಸ್ಕ್ಯಾನಿಂಗ್ ಯಂತ್ರದಿಂದ ಕಣ್ಣು ತೆಗೆಯದೆ, "ಹೂಂ, ಇದೆ" ಅಂದರು. ಇಷ್ಟು ವರ್ಷ ಕಾದದ್ದಕ್ಕೆ ಅಷ್ಟೇ ಮಾತು. ಬಸ್‌ಸ್ಟ್ಯಾಂಡಿನವರೆಗೆ ನಾನೂ ನಮ್ಮವರೂ ನಡೆದೆವು. ಅಲ್ಲಿ ನಮ್ಮವರು ಎಳನೀರು ಕೊಡಿಸಿ, ನಾನು ಕುಡಿಯುವವರೆಗೆ ನನ್ನ ಬ್ಯಾಗು ಹಿಡಿದು ನಿಂತಿದ್ದರು. ಅವರು ನನ್ನ ಬ್ಯಾಗು ಹಿಡಿದದ್ದು ಅದೇ ಮೊದಲು.

ನಮ್ಮತ್ತೆ ಮಾತ್ರ ಮನೆಯಲ್ಲಿ ಕಟ್ಟಪ್ಪಣೆ ಮಾಡಿದರು. "ಮೂರು ತಿಂಗ್ಳು ತುಂಬೋಗಂಟ ಯಾರ ಮುಂದೂ ಉಸ್ರು ಬಿಡ್ಬೇಡ ಕಣವ್ವ. ಕಣ್ಣು ಕೆಟ್ಟವು."

ಕೆಲಸಕ್ಕೆ ಹೋಗಬಹುದು, ಗಾಡಿ ನಿಧಾನ ಓಡಿಸಿ, ಬಿಸಿಲಲ್ಲಿ ಇರಬೇಡಿ ಅಂತ ಡಾಕ್ಟರಮ್ಮ ಹೇಳಿದ್ದರು. ಸಿಕ್ಕಿಹಾಕಿಕೊಂಡದ್ದು ಅಲ್ಲಿ. ನೆರಳಿರುವುದು ಹೊಂಗೆ ಮರದ ಕೆಳಗೆ. ಅಲ್ಲಿ ಗಾಡಿ ನಿಲ್ಲಿಸುವುದೂ ತಮಟೆ ಹೊಡೆಸುವುದೂ ಒಂದೇ. ಅದಕ್ಕೆ ನಾನು ಯಥಾಪ್ರಕಾರ ಅಂಗಳದ ಆ ತುದಿಯಲ್ಲಿ, ಬಿಸಿಲಿನಲ್ಲೇ ನಿಲ್ಲಿಸಿ ನಡೆದು ಬರುತ್ತಿದ್ದೆ. ಒಂದೇ ವ್ಯತ್ಯಾಸ, ಡಬ್ಬಲ್ ಸ್ಟ್ಯಾಂಡ್ ಹಾಕುವುದಕ್ಕೆ ಗಾಡಿ ಎತ್ತಬೇಕಾಗುತ್ತದೆ ಅಂತ ಸೈಡ್ ಸ್ಟ್ಯಾಂಡ್ ಹಾಕತೊಡಗಿದೆ.

ವಾಚ್‌ಮನ್ ಬಂದು, "ಅಕ್ಕ, ಇಲ್ಲಿ ನೆಲ ಮೆತ್ತಗೈತೆ, ಸೈಡ್ ಸ್ಟ್ಯಾಂಡಿಗೆ ಗಾಡಿ ಬೀಳ್ತೈತೆ" ಅಂದ.

"ಕಾಲು ನೋವು ಕಣಪ್ಪ," ಅಂದೆ.

ನನ್ನ ಮುಖವನ್ನೇ ಸ್ವಲ್ಪ ನೋಡಿ, "ಕೀ ಕೊಡಿ, ನಾನ್ ಹಾಕ್ತೀನಿ" ಅಂದ. ಅಂದಿನಿಂದ ಕೀ ಅವನ ಹತ್ತಿರವೇ. ನಾನು ಗೇಟಿನಲ್ಲಿ ಇಳಿಯುವುದು, ಅವನು ನಿಲ್ಲಿಸುವುದು. ಸಂಜೆ ಹೋಗುವಾಗ ಗಾಡಿ ಅದೇ ಬಿಸಿಲಿನ ತುದಿಯಲ್ಲಿ ಇರುತ್ತಿತ್ತು. ಆದರೆ ಸೀಟು ತಣ್ಣಗೆ. ಬೇಸಿಗೆಯ ಸಂಜೆ, ಪಕ್ಕದ ಗಾಡಿಗಳ ಸೀಟು ಮುಟ್ಟಿದರೆ ಕೈ ಸುಡುತ್ತದೆ, ನನ್ನದು ಮಾತ್ರ ತಣ್ಣಗೆ.

ಒಂದು ದಿನ ಕೇಳಿಯೇಬಿಟ್ಟೆ. ಅವನು ನೆಲ ನೋಡಿಕೊಂಡು ಹೇಳಿದ. "ಎಲ್ರೂ ಒಳಗ್ ಬಂದ್ಮೇಲೆ ಮರದ ಹಿಂದ್ಗಡೆ ನೆರಳಿಗೆ ತರ್ತೀನಿ ಅಕ್ಕ, ಕಿಟಕೀಗ್ ಕಾಣ್ದಂಗೆ. ಬಿಡೋ ಹೊತ್ಗೆ ತಿರ್ಗಾ ಆ ತುದೀಲೇ ನಿಲ್ಲಿಸ್ತೀನಿ. ಗುಟ್ಟು ಗುಟ್ಟಾಗೇ ಇರ್ಲಿ ಅಂತ."

"ಯಾರಿಗಾದ್ರೂ ಹೇಳಿದ್ಯಾ?" ಅಂದೆ.

"ದೇವ್ರಾಣೆ ಇಲ್ಲ ಅಕ್ಕ. ಮನೇಲಿ ನಮ್ಮೋಳ್ಗೆ ಒಬ್ಳಿಗೆ ಹೇಳಿದೀನಿ, ಅಷ್ಟೇ."

ಅವನ ಹೆಂಡತಿ ಸಿಪ್ಪೆ ಹೆರೆಯುವ ಶೆಡ್ಡಿನಲ್ಲೇ ಕೆಲಸ ಮಾಡುತ್ತಿದ್ದಳು. ಅಂದರೆ ಆ ಹೊತ್ತಿಗೆ ಇಡೀ ಕಾರ್ಖಾನೆಯಲ್ಲಿ ವಿಷಯ ಗೊತ್ತಿಲ್ಲದೆ ಉಳಿದಿದ್ದವರು ಮ್ಯಾನೇಜರ್ ಒಬ್ಬರೇ.

ಗಾಡಿ ಹೇಗಿದೆ

ಮೂರು ತಿಂಗಳು ತುಂಬಿದ ಮಾರನೇ ದಿನ ನಾನೇ ಗಾಡಿಯನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿದೆ. ಯಾರೂ ಆಶ್ಚರ್ಯಪಡಲಿಲ್ಲ. ಎಲ್ಲರೂ ಆಶ್ಚರ್ಯಪಟ್ಟವರ ಹಾಗೆ ನಟಿಸಿದರು, ಚೆನ್ನಾಗಿಯೇ ನಟಿಸಿದರು.

ಮ್ಯಾನೇಜರ್‌ಗೆ ನಿಜವಾಗಿ ಅಂದೇ ಗೊತ್ತಾದದ್ದು. ಹೆಣ್ಣುಮಕ್ಕಳ ಹತ್ತಿರ ಇಂಥ ವಿಷಯ ಎತ್ತಬಾರದು ಅಂತ ಅವರಿಗೆ ಯಾವುದೋ ಟ್ರೈನಿಂಗಿನಲ್ಲಿ ಹೇಳಿದ್ದರಂತೆ. ಏನೂ ಹೇಳದೆ ಇದ್ದರೂ ಸರಿಯಲ್ಲ. ಮಧ್ಯಾಹ್ನದವರೆಗೆ ಒದ್ದಾಡಿ ನನ್ನ ಟೇಬಲ್ ಹತ್ತಿರ ಬಂದರು.

"ನಿಮ್ಮ ಗಾಡಿ ನೋಡಿದೆ," ಅಂದರು.

"ಹೂಂ ಸಾರ್."

"ಚೆನ್ನಾಗಿದೆ."

"ಹಳೇದೇ ಸಾರ್."

"ಅಲ್ಲ, ನಿಂತಿರೋ ಜಾಗ ಚೆನ್ನಾಗಿದೆ ಅಂದೆ. ಹುಷಾರಾಗಿ ನೋಡ್ಕೊಳ್ಳಿ, ಗಾಡೀನ."

ಅಲ್ಲಿಂದ ಅದೇ ರೂಢಿಯಾಯಿತು. ದಿನಾ ಬೆಳಿಗ್ಗೆ, "ಗಾಡಿ ಹೇಗಿದೆ?" ಅನ್ನುವರು. "ಚೆನ್ನಾಗಿದೆ ಸಾರ್" ಅನ್ನುತ್ತಿದ್ದೆ. ಕೇಳಿ ಕೇಳಿ ಉಳಿದವರೂ ಹಾಗೇ ಮಾತಾಡತೊಡಗಿದರು. ಡಿಸ್ಪ್ಯಾಚ್ ಹುಡುಗಿ ಡಬ್ಬಿಯಲ್ಲಿ ಮಾವಿನಕಾಯಿ ಹೋಳುಗಳಿಗೆ ಉಪ್ಪು ಖಾರ ಹಾಕಿ ತಂದು, "ಅಕ್ಕ, ಗಾಡಿಗೆ ಬೇಕಾ?" ಅನ್ನುತ್ತಿದ್ದಳು. ಲೆಕ್ಕಪತ್ರ ನೋಡಲು ಹೊರಗಿನಿಂದ ಬಂದ ಆಡಿಟರ್ ಒಬ್ಬರು ಇದನ್ನೆಲ್ಲ ಒಂದು ವಾರ ಕೇಳಿಸಿಕೊಂಡರು. ಹೋಗುವ ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

"ಮೇಡಂ, ಇಷ್ಟೊಂದು ತೊಂದರೆ ಕೊಡೋ ಗಾಡೀನ ಇಟ್ಕೋಬೇಡಿ. ಎಕ್ಸ್‌ಚೇಂಜಿಗೆ ಹಾಕಿಬಿಡಿ."

ಮತ್ತೆ ಗೇಟಿನಲ್ಲಿ

ಐದನೇ ತಿಂಗಳಲ್ಲಿ ಹೋಯಿತು. ಒಂದು ಭಾನುವಾರ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು, ತರೀಕೆರೆಗೆ ಹೋದೆವು, ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಶಿವಮೊಗ್ಗದಲ್ಲಿ ಡಾಕ್ಟರು ನಮ್ಮವರ ಹೆಗಲ ಮೇಲೆ ಕೈ ಇಟ್ಟರು. ಬಾಗಿಲ ಸಂದಿಯಿಂದ ನಾನು ಅದನ್ನು ನೋಡಿದೆ. ಬೇರೆ ಯಾರೂ ನನಗೆ ಹೇಳಬೇಕಾಗಲಿಲ್ಲ. ಅದರ ಬಗ್ಗೆ ಇನ್ನು ಬರೆಯಲಾರೆ.

ರಜೆ ಇನ್ನೂ ಇತ್ತು. ಆದರೆ ಮನೆಯಲ್ಲಿ ನಮ್ಮತ್ತೆ ನನ್ನೆದುರು ಅಳಬಾರದು ಅಂತ ದಿನಕ್ಕೆ ಎಷ್ಟೋ ಸಲ ಹಿತ್ತಿಲಿಗೆ ಹೋಗಿ ಬರುತ್ತಿದ್ದರು. ನೋಡಲಾರದೆ ಕೆಲಸಕ್ಕೆ ಹೊರಟೆ.

ದಾರಿಯುದ್ದಕ್ಕೂ ಬೇರೆ ಯೋಚನೆ ಏನೂ ಬರಲಿಲ್ಲ. ಗಾಡಿ ಎಲ್ಲಿ ನಿಲ್ಲಿಸುವುದು ಅನ್ನುವುದೊಂದೇ. ಮರದ ಕೆಳಗೆ ನಿಲ್ಲಿಸಿದರೆ ಸುಳ್ಳಾಗುತ್ತದೆ. ಆ ತುದಿಗೆ ಹೋಗಿ ನಿಲ್ಲಿಸಿದರೆ ಅಂಗಳದ ಉದ್ದಕ್ಕೂ ಎಲ್ಲರ ಕಣ್ಣೆದುರು ಆ ಜಾಗ ದಾಟಿ ಹೋಗಬೇಕು. ಗೇಟಿಗೆ ಬಂದವಳು ಎರಡೂ ಮಾಡಲಾರದೆ ಎಂಜಿನ್ ಆರಿಸದೆ ಹಾಗೇ ಕೂತುಬಿಟ್ಟೆ. ಹಿಂದಿನಿಂದ ಕಾಯಿಯ ಲಾರಿ ಬಂದು ಹಾರನ್ ಹೊಡೆಯಿತು. ವಾಚ್‌ಮನ್ ಲಾರಿಯವನಿಗೆ ಕೈ ತೋರಿಸಿ ನಿಲ್ಲಿಸಿ, ನನ್ನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡ. ನಾನು ಇಳಿದೆ. ಅವನು ಗಾಡಿಯನ್ನು ತಳ್ಳಿಕೊಂಡು ಹೋಗಿ ಮರದ ಕೆಳಗೇ ನಿಲ್ಲಿಸಿ, ಡಬ್ಬಲ್ ಸ್ಟ್ಯಾಂಡ್ ಹಾಕಿ, ಕೀ ತಂದುಕೊಟ್ಟ.

"ಅಲ್ಲಿ ಬೇಡ ಕಣಪ್ಪ," ಅಂದೆ.

"ಇರ್ಲಿ ಬಿಡಕ್ಕ. ನೀವು ಹೋಗಿ, ಒಳಗೋಗಿ ಕೂತ್ಕೊಳ್ಳಿ," ಅಂದ.

ಒಳಗೆ ಮ್ಯಾನೇಜರ್ ಎದುರಿಗೇ ಸಿಕ್ಕರು. ಅಭ್ಯಾಸಬಲದಿಂದ, "ಗಾಡಿ ಹೇಗಿ..." ಅಂದವರು ಅಲ್ಲೇ ನಿಂತರು. ಆಮೇಲೆ, "ರಜೆ ಇನ್ನೂ ಇತ್ತಲ್ಲ ನಿಮಗೆ" ಅಂದರು.

"ಮನೇಲಿ ಗೋಡೆ ನೋಡ್ಕೊಂಡು ಕೂರೋಕಾಗಲ್ಲ ಸಾರ್."

ಅವರು ತಲೆ ಆಡಿಸಿದರು. ನನ್ನ ಟೇಬಲ್ ನೋಡಿದರು, ಅದರ ಹಿಂದಿನ ಗೋಡೆ ನೋಡಿದರು. ಏನಾದರೂ ಒಳ್ಳೆಯ ಮಾತು ಹೇಳಬೇಕು ಅಂತ ಅವರ ಮುಖದಲ್ಲಿ ಕಾಣುತ್ತಿತ್ತು.

"ಇಲ್ಲೂ ಗೋಡೆನೇ ಇರೋದು," ಅಂದರು. "ಆದ್ರೆ ಇಲ್ಲಿ ಕ್ಯಾಲೆಂಡರ್ ಇದೆ."

ಹೆಡ್ ಆಫೀಸಿನ ಮೇಡಂ

ವಾಚ್‌ಮನ್ ದಿನಾ ನನ್ನ ಗಾಡಿಯನ್ನು ಮರದ ಕೆಳಗೇ ನಿಲ್ಲಿಸುತ್ತಿದ್ದ. ಬೇಡ ಅನ್ನುವುದಕ್ಕೆ ನನ್ನಲ್ಲಿ ಶಕ್ತಿ ಇರಲಿಲ್ಲ, ತೆಗೆಯಿರಿ ಅನ್ನುವುದಕ್ಕೆ ಬೇರೆ ಯಾರಿಗೂ ಬಾಯಿರಲಿಲ್ಲ. ಹಾಗೇ ಒಂದೆರಡು ತಿಂಗಳು ಕಳೆಯಿತು. ಆ ದಿನಗಳಲ್ಲಿ ನಾನು ಕೆಲಸ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಡಿಸ್ಪ್ಯಾಚ್ ಹುಡುಗಿ ಊಟಕ್ಕೆ ಕರೆದರೆ ಹೋಗುತ್ತಿದ್ದೆ, ಕರೆಯದಿದ್ದರೆ ಇಲ್ಲ.

ಆಗ ಹೆಡ್ ಆಫೀಸಿನಿಂದ ಒಬ್ಬ ಮೇಡಂ ಬಂದರು. ನೌಕರರ ಸೌಕರ್ಯಗಳನ್ನು ನೋಡಿಕೊಳ್ಳುವವರು. ಕೆಟ್ಟವರೇನಲ್ಲ, ಬಹಳ ಉತ್ಸಾಹದವರು. ಆ ಪಾರ್ಕಿಂಗ್ ಸುತ್ತೋಲೆ ಬರೆದವರೇ ಅವರು. ಬೇರೆ ಊರುಗಳಲ್ಲಿ ಆ ಜಾಗದಲ್ಲಿ ಖಾಲಿ ಡ್ರಮ್ಮು, ಮುರಿದ ಕುರ್ಚಿ ಇಟ್ಟದ್ದನ್ನು ನೋಡಿ ನೋಡಿ ಅವರಿಗೆ ಬೇಸರವಾಗಿತ್ತಂತೆ. ನಮ್ಮಲ್ಲಿ ಕಾರಿನಿಂದ ಇಳಿದವರೇ ಬೋರ್ಡಿನ ಕೆಳಗೆ ಒಂದು ಸ್ಕೂಟರ್ ನಿಂತಿರುವುದನ್ನು ಕಂಡು ಮುಖ ಅರಳಿಸಿದರು. ಕಾರಿನಲ್ಲಿ ಹಣ್ಣಿನ ಬುಟ್ಟಿ ಇತ್ತು, ಹೊಳೆಯುವ ಕಾಗದ ಸುತ್ತಿ ರಿಬ್ಬನ್ ಕಟ್ಟಿದ್ದು. ಅದನ್ನು ಡ್ರೈವರ್ ಕೈಯಲ್ಲಿ ತರಿಸಿಕೊಂಡರು.

"ಎಲ್ಲರನ್ನೂ ಹೊರಗೆ ಕರೀರಿ," ಅಂದರು ಮ್ಯಾನೇಜರ್‌ಗೆ.

ಎಲ್ಲರೂ ಅಂಗಳದಲ್ಲಿ ನಿಂತೆವು. ಶೆಡ್ಡಿನ ಹೆಂಗಸರೂ ಬಂದರು. ಮೇಡಂ ಬುಟ್ಟಿ ಹಿಡಿದು ನಗುತ್ತಾ, "ಈ ಸ್ಕೂಟರ್ ಯಾರದು? ಮುಂದೆ ಬನ್ನಿ. ನಿಮಗೊಂದು ಸಣ್ಣ ಉಡುಗೊರೆ ಇದೆ" ಅಂದರು.

ಯಾರೂ ಅಲುಗಲಿಲ್ಲ. ವಾಚ್‌ಮನ್ ಮುಖ ಕಪ್ಪಿಟ್ಟಿತು. ಮ್ಯಾನೇಜರ್ ಮೇಡಂ ಕಿವಿಯಲ್ಲಿ ಏನೋ ಹೇಳಲು ಹೋದರು, ಆಯಮ್ಮ ಕೇಳಿಸಿಕೊಳ್ಳಲಿಲ್ಲ. "ನಾಚಿಕೆ ಯಾಕೆ, ಇದು ಸಂತೋಷದ ವಿಷಯ. ಬನ್ನಿ ಬನ್ನಿ" ಅಂದರು. ಇಷ್ಟು ಜನರ ಮುಂದೆ ಬಾಯಿ ಬಿಟ್ಟು ಹೇಳಬೇಕಾಗುತ್ತದೆ, ಗಾಡಿ ನನ್ನದು, ಆದರೆ ಈಗ ಇಲ್ಲ ಅಂತ. ಹೇಳೋಣ ಅಂತಲೇ ಬಾಯಿ ತೆರೆದೆ.

"ನಂದು ಮೇಡಂ," ಅಂತ ಹಿಂದಿನಿಂದ ಯಾರೋ ಅಂದರು.

ನಮ್ಮ ಸ್ಟೋರ್ ನೋಡಿಕೊಳ್ಳುವ ಅಣ್ಣ. ಬುಕ್ಕಾಂಬುಧಿಯವರು, ಹಣೆ ತುಂಬ ವಿಭೂತಿ, ಅಂಗಿಯ ಗುಂಡಿ ಹರಿಯುವಷ್ಟು ಹೊಟ್ಟೆ. ಕೆಲಸಕ್ಕೆ ಸೇರಿದಂದಿನಿಂದ ಸ್ಟೋರ್ ಬಿಟ್ಟು ಈಚೆ ಬಂದವರಲ್ಲ, ಕೇಳಿದ್ದಕ್ಕೆ ಉತ್ತರ ಬಿಟ್ಟರೆ ಮಾತಿಲ್ಲ. ರಿಟೈರ್ ಆಗುವವರಿದ್ದರು. ಅದರ ಕಾಗದಪತ್ರಕ್ಕಾಗಿ ಹೆಡ್ ಆಫೀಸಿನವರು ವಾರಕ್ಕೊಮ್ಮೆ ಫೋನ್ ಮಾಡಿ ಡೇಟ್ ಯಾವಾಗ, ಡೇಟ್ ಯಾವಾಗ ಅಂತ ಅವರ ಪ್ರಾಣ ತಿನ್ನುತ್ತಿದ್ದರು. ಅವರು ನಿಧಾನವಾಗಿ ನಡೆದು ಬಂದು ನನ್ನ ನೇರಳೆ ಬಣ್ಣದ ಸ್ಕೂಟರ್ ಪಕ್ಕ ನಿಂತು ಸೀಟಿನ ಮೇಲೆ ಕೈ ಇಟ್ಟರು.

ಮೇಡಂ ಮುಖದ ನಗು ಹೋಯಿತು. "ಈ ಸ್ಕೂಟರ್ ನಿಮ್ಮದಾ?"

"ಹೂಂ ಮೇಡಂ."

"ಇಲ್ಲಿ ಬೋರ್ಡ್ ಇದೆ, ಓದಿದ್ದೀರಾ?"

"ದಿನಾ ಓದ್ತೀನಿ ಮೇಡಂ."

"ಓದಿಯೂ ಇಲ್ಲೇ ನಿಲ್ಲಿಸಿದ್ದೀರಿ," ಅಂದರು ಮೇಡಂ. ಸಿಟ್ಟಿನಿಂದ ಅವರ ದನಿ ನಡುಗುತ್ತಿತ್ತು. ಸ್ಟೋರಣ್ಣನ ಹೊಟ್ಟೆಯನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದರೆ ನಿಮ್ಮದು ಡೇಟ್ ಯಾವಾಗ?" ಅಂದರು.

ಸ್ಟೋರಣ್ಣ ಎರಡೂ ಕೈ ಕಟ್ಟಿಕೊಂಡು ನೆಟ್ಟಗೆ ನಿಂತರು. "ಮಾರ್ಚ್ ಕೊನೇಗೆ ಮೇಡಂ," ಅಂದರು. "ಹೆಡ್ ಆಫೀಸಿಗೆ ಆಗ್ಲೇ ತಿಳ್ಸಿದೀನಿ."

ಮ್ಯಾನೇಜರ್ ಗಾಬರಿಯಲ್ಲಿ ಅದನ್ನು ಸರಿಪಡಿಸಲು ಹೋಗಿ, "ಹೌದು ಮೇಡಂ, ನಾವೆಲ್ಲ ಸೇರಿ ಒಂದು ಸಣ್ಣ ಕಾರ್ಯಕ್ರಮ ಇಟ್ಕೊಂಡಿದೀವಿ, ಹಾರ, ಶಾಲು, ಊಟ" ಅಂದರು.

ಮೊದಲು ನಕ್ಕವಳು ನಾನು. ಶಿವಮೊಗ್ಗದಿಂದ ಬಂದಮೇಲೆ ನನ್ನ ಬಾಯಿಂದ ಹೊರಟ ಮೊದಲನೇ ನಗು ಅದು. ಅದು ನಗುವಿನ ಹಾಗೇ ಇರಲೂ ಇಲ್ಲ, ಕೆಮ್ಮಿನ ಹಾಗೆ ಬಂತು. ಆಮೇಲೆ ನಿಲ್ಲಲೇ ಇಲ್ಲ. ಗೋಡೆ ಹಿಡಿದುಕೊಂಡೆ. ಕಣ್ಣಿನಲ್ಲಿ ನೀರು ಸುರಿಯಿತು, ಒರೆಸಿಕೊಂಡಷ್ಟೂ ಬಂತು. ಡಿಸ್ಪ್ಯಾಚ್ ಹುಡುಗಿ ಓಡಿ ಬಂದು ನನ್ನನ್ನು ತಬ್ಬಿಕೊಂಡು ಅವಳೂ ನಗತೊಡಗಿದಳು. ಶೆಡ್ಡಿನ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಮೇಡಂ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಈ ಊರಿನವರ ಸಹವಾಸ ಬೇಡ ಅಂತ ತೀರ್ಮಾನಿಸಿರಬೇಕು, ಹಣ್ಣಿನ ಬುಟ್ಟಿಯನ್ನು ಸ್ಟೋರಣ್ಣನ ಕೈಗೇ ಕೊಟ್ಟು ಕಾರು ಹತ್ತಿದರು.

ಸಂಜೆ ಸ್ಟೋರಣ್ಣ ಆ ಬುಟ್ಟಿ ತಂದು ನನ್ನ ಟೇಬಲ್ ಮೇಲೆ ಇಟ್ಟರು. ನಾನು ಕೇಳಿದೆ. "ಯಾಕಣ್ಣ ನಿಮ್ಮದು ಅಂದ್ರಿ?"

ಅವರು ಬುಟ್ಟಿಯನ್ನು ನನ್ನ ಕಡೆಗೆ ತಳ್ಳಿದರು.

"ನೀನೇ ತಗೊಂಡೋಗವ್ವ," ಅಂದರು. "ಇಂಥ ಟೈಮಲ್ಲಿ ಹಣ್ಣು ತಿನ್ಬೇಕು ಅಂತಾರೆ, ಆದ್ರೆ ನಂಗೆ ಶುಗರ್ ಐತೆ."